ಶ್ರೀನಿವಾಸ ನಾಯಕನ ಮೂಗುತಿಯ ಕಥೆ

ಶ್ರೀನಿವಾಸ ನಾಯಕನ ಮೂಗುತಿಯ ಕಥೆಯು ಹರಿದಾಸ ಪುರಂದರದಾಸರ (೧೪೮೪–೧೫೬೪) ಪೂರ್ವಜೀವನಕ್ಕೆ ಸಂಬಂಧಿಸಿದ ಐತಿಹ್ಯವಾಗಿದೆ. ಕಡು ಲೋಭಿಯಾದ ಚಿನಿವಾರನೊಬ್ಬನು ತನ್ನ ಹೆಂಡತಿ ದಾನ ಮಾಡಿದ ಮೂಗುತಿಯ ನಿಮಿತ್ತದಿಂದ ಸಕಲ ಐಶ್ವರ್ಯವನ್ನೂ ತೊರೆದು ದಾಸನಾದನೆಂಬುದು ಇದರ ಸಾರಾಂಶ. ಕನ್ನಡದಲ್ಲಿ ಜಿಪುಣನ ಪರಿವರ್ತನೆಯ ಕಥೆಯೆಂದರೆ ಮೊದಲು ನೆನಪಾಗುವುದು ಇದೇ. ಹರಿಕಥೆ, ನಾಟಕ ಮತ್ತು ಚಲನಚಿತ್ರಗಳಲ್ಲಿ ಇದು ಮತ್ತೆ ಮತ್ತೆ ನಿರೂಪಿತವಾಗಿದೆ. ಪ್ರತಿವರ್ಷ ಪುಷ್ಯ ಬಹುಳ ಅಮಾವಾಸ್ಯೆಯಂದು ನಡೆಯುವ ಪುರಂದರದಾಸರ ಆರಾಧನೆಯ ಸಂದರ್ಭದಲ್ಲಿ ಇದನ್ನು ಹೇಳುವ ರೂಢಿಯಿದೆ. ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಕೃತಿಯ ಸ್ಕ್ರೂಜ್ ಎಂಬ ಪಾತ್ರದೊಡನೆ ಶ್ರೀನಿವಾಸ ನಾಯಕನನ್ನು ಹೋಲಿಸಬಹುದಾದರೂ ಎರಡು ಕಥೆಗಳು ಪರಿವರ್ತನೆಯನ್ನು ಕಾಣುವ ಬಗೆ ಬೇರೆ ಬೇರೆಯಾಗಿದೆ.

ಕಥೆ

ವರದಪ್ಪ ನಾಯಕನೆಂಬ ಶ್ರೀಮಂತ ವರ್ತಕನ ಮಗನಾದ ಶ್ರೀನಿವಾಸ ನಾಯಕನು ಚಿನ್ನ, ಬೆಳ್ಳಿ, ರತ್ನಗಳ ವ್ಯಾಪಾರವನ್ನೂ ಒಡವೆಗಳ ಮೇಲೆ ಸಾಲ ಕೊಡುವ ಗಿರವಿ ವ್ಯವಹಾರವನ್ನೂ ನಡೆಸುತ್ತಿದ್ದನು. ಆತನ ಸಂಪತ್ತಿನ ಕಾರಣದಿಂದ ಜನರು ಅವನನ್ನು 'ನವಕೋಟಿ ನಾರಾಯಣ' ಎಂದು ಕರೆಯುತ್ತಿದ್ದರು. ಆದರೆ ಒಂದು ಕಾಸನ್ನೂ ಬಿಚ್ಚದವನೆಂಬ ಅಪಕೀರ್ತಿಯೂ ಅವನಿಗಿತ್ತು. ಹೆಂಡತಿ ಸರಸ್ವತೀಬಾಯಿಯು ದೈವಭಕ್ತೆ, ಉದಾರ ಮನಸ್ಸಿನವಳು. ಆದರೆ ಮನೆಯ ಹಣದ ಮೇಲೆ ಅವಳಿಗೆ ಯಾವ ಅಧಿಕಾರವೂ ಇರಲಿಲ್ಲ.

ಒಂದು ದಿನ ಬಡ ಬ್ರಾಹ್ಮಣನೊಬ್ಬನು ಅಂಗಡಿಗೆ ಬಂದು, ಮಗನ ಉಪನಯನಕ್ಕಾಗಿ ಧನಸಹಾಯ ಮಾಡಬೇಕೆಂದು ಬೇಡಿದನು. ನಾಯಕನು ಇಲ್ಲವೆನ್ನಲಿಲ್ಲ, ನಾಳೆ ಬಾ ಎಂದನು. ಆ ನಾಳೆಯು ಆರು ತಿಂಗಳವರೆಗೆ ಮುಂದುವರಿಯಿತೆಂದು ಕಥೆ ಹೇಳುತ್ತದೆ. ಕೊನೆಗೆ ಕಾಟ ತಪ್ಪಿದರೆ ಸಾಕೆಂದು ಸವಕಲು ನಾಣ್ಯಗಳ ರಾಶಿಯನ್ನು ಮುಂದೆ ಸುರಿದು, ಒಂದನ್ನು ಆರಿಸಿಕೊಂಡು ಮತ್ತೆ ಬರಕೂಡದೆಂದು ಹೇಳಿದನು. ಬ್ರಾಹ್ಮಣನು ನಾಣ್ಯವನ್ನು ಮುಟ್ಟದೆ ಅಲ್ಲಿಂದ ನೇರವಾಗಿ ನಾಯಕನ ಮನೆಗೆ ಹೋಗಿ ಸರಸ್ವತೀಬಾಯಿಯ ಮುಂದೆ ಕೈಯೊಡ್ಡಿದನು. ಗಂಡನ ಅನುಮತಿಯಿಲ್ಲದೆ ಏನನ್ನೂ ಕೊಡಲಾರೆನೆಂದು ಆಕೆ ಹೇಳಿದಾಗ, ತವರಿನವರು ಕೊಟ್ಟದ್ದು ನಿನ್ನದೇ ಅಲ್ಲವೇ ಎಂದು ಬ್ರಾಹ್ಮಣನು ಕೇಳಿದನು. ಆಕೆ ತನ್ನ ವಜ್ರದ ಮೂಗುತಿಯನ್ನು ಬಿಚ್ಚಿಕೊಟ್ಟಳು.

ಬ್ರಾಹ್ಮಣನು ಅದನ್ನು ಮಾರಲು ತಂದದ್ದು ನಾಯಕನ ಅಂಗಡಿಗೇ. ಒಡವೆಯನ್ನು ನೋಡಿದೊಡನೆ ಗುರುತಿಸಿದ ನಾಯಕನು, ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹಣಕ್ಕಾಗಿ ಆಮೇಲೆ ಬರುವಂತೆ ಹೇಳಿ ಮನೆಗೆ ಧಾವಿಸಿದನು. ಮೂಗುತಿಯೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಡಲಾರದ ಸರಸ್ವತೀಬಾಯಿಯು ಒಳಗೆ ಹೋಗಿ, ಪ್ರಾಣ ಬಿಡುವುದೇ ಲೇಸೆಂದು ಬಟ್ಟಲಲ್ಲಿ ವಿಷ ಕಲಸಿಕೊಂಡು ದೇವರ ಮುಂದೆ ಕುಳಿತಳು. ಬಟ್ಟಲನ್ನು ತುಟಿಗೆತ್ತುವಷ್ಟರಲ್ಲಿ ಅದರೊಳಗೆ ಏನೋ ಬಿದ್ದ ಸದ್ದಾಯಿತು. ನೋಡಿದರೆ ಅದೇ ಮೂಗುತಿ. ಅದನ್ನು ಗಂಡನ ಕೈಗಿತ್ತಳು. ನಾಯಕನು ಅಂಗಡಿಗೆ ಹಿಂದಿರುಗಿ ಬೀಗ ತೆಗೆದು ನೋಡಿದಾಗ ಪೆಟ್ಟಿಗೆ ಬರಿದಾಗಿತ್ತು. ಬ್ರಾಹ್ಮಣನು ಮತ್ತೆ ಕಾಣಿಸಲಿಲ್ಲ. ಬಂದವನು ವಿಠಲನೇ ಎಂದು ನಾಯಕನಿಗೆ ಆಗ ಅರಿವಾಯಿತು. ತನ್ನ ಆಸ್ತಿಯೆಲ್ಲವನ್ನೂ ದಾನ ಮಾಡಿ, ಹೆಂಡತಿ ಮಕ್ಕಳೊಡನೆ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟು ವಿಜಯನಗರಕ್ಕೆ ಬಂದು, ವ್ಯಾಸತೀರ್ಥರಿಂದ ದಾಸದೀಕ್ಷೆಯನ್ನೂ 'ಪುರಂದರ ವಿಠಲ' ಎಂಬ ಅಂಕಿತವನ್ನೂ ಪಡೆದನು.

ಕೆಲವು ನಿರೂಪಣೆಗಳಲ್ಲಿ ಇದಕ್ಕೆ ಇನ್ನೊಂದು ಕಿರುಪ್ರಸಂಗ ಸೇರಿಕೊಂಡಿದೆ. ಕಾಡಿನ ದಾರಿಯಲ್ಲಿ ಸರಸ್ವತೀಬಾಯಿಗೆ ಕಳ್ಳರ ಭಯವಾಗುತ್ತದೆ. ಏನೂ ಇಲ್ಲದವರಿಗೆ ಭಯವೇಕೆಂದು ದಾಸರು ವಿಚಾರಿಸಿದಾಗ, ಅವಳು ಗುಟ್ಟಾಗಿ ತಂದಿದ್ದ ಚಿಕ್ಕ ಚಿನ್ನದ ಪಾತ್ರೆಯೊಂದು ಹೊರಬರುತ್ತದೆ. ದಾಸರು ಅದನ್ನೂ ಎಸೆಯಿಸುತ್ತಾರೆ. ಮೊದಲ ಭಾಗದಲ್ಲಿ ಕೊಡುಗೈಯವಳಾಗಿದ್ದ ಹೆಂಡತಿಯನ್ನು ಇಲ್ಲಿ ಆಸೆಯುಳ್ಳವಳನ್ನಾಗಿ ತೋರಿಸಿರುವುದರಿಂದ, ಈ ಪ್ರಸಂಗವು ಮೂಲ ಕಥೆಯ ಧಾಟಿಗೆ ಅಷ್ಟಾಗಿ ಹೊಂದುವುದಿಲ್ಲ.

ಕಥೆಯ ಸ್ವರೂಪ

ಕಥೆಯ ಬಂಧ ಬಹಳ ಬಿಗಿಯಾದುದು. ಒಂದೇ ಒಡವೆ ಮನೆಯಿಂದ ಅಂಗಡಿಗೂ, ಅಂಗಡಿಯಿಂದ ಮತ್ತೆ ಮನೆಗೂ ಬರುತ್ತದೆ. ಹೋಗುವಾಗ ಅದು ಕೈಯಿಂದ ಕೈಗೆ ಹೋಗುತ್ತದೆ, ಬರುವಾಗ ಯಾರ ಕೈಯೂ ಇಲ್ಲದೆ ಬರುತ್ತದೆ. ಕಥೆಯಲ್ಲಿರುವ ಪವಾಡ ಇಷ್ಟೇ. ಜಿಪುಣನ ಕಸುಬೂ ಇಲ್ಲಿ ಕೇವಲ ಹಿನ್ನೆಲೆಯಲ್ಲ. ಒಡವೆಗಳನ್ನು ನೋಡಿ ಬೆಲೆ ಕಟ್ಟುವುದೇ ಅವನ ವೃತ್ತಿಯಾದುದರಿಂದ ಮೂಗುತಿಯ ಗುರುತು ಅವನಿಗೆ ತಪ್ಪುವಂತಿಲ್ಲ, ಬೀಗದ ಮೇಲಿನ ನಂಬಿಕೆಯೇ ಅವನ ಬದುಕಾದುದರಿಂದ ಬರಿದಾದ ಪೆಟ್ಟಿಗೆಯನ್ನು ಅಲ್ಲಗಳೆಯುವಂತೆಯೂ ಇಲ್ಲ.

ಸರಸ್ವತೀಬಾಯಿಯ ಪಾತ್ರ ಕಥೆಯ ಕೇಂದ್ರದಲ್ಲಿದೆ. ಸ್ತ್ರೀಧನವು ಹೆಂಡತಿಯ ಸ್ವಂತ ಸೊತ್ತು ಎಂಬುದು ಧರ್ಮಶಾಸ್ತ್ರದ ಮಾತು. ಬ್ರಾಹ್ಮಣನ ವಾದವು ಅದನ್ನೇ ಆಧರಿಸಿದೆ. ಆದರೂ ತನ್ನದೇ ಒಡವೆಯನ್ನು ಕೊಟ್ಟದ್ದಕ್ಕೆ ಆಕೆ ವಿಷದ ಬಟ್ಟಲನ್ನು ಹಿಡಿಯಬೇಕಾಗುತ್ತದೆ. ನಾಯಕನ ಲೋಭದ ನಿಜವಾದ ಬೆಲೆ ತಿಳಿಯುವುದು ಬೇಡಿಬಂದವನ ನಿರಾಶೆಯಿಂದಲ್ಲ, ಅವನ ಮನೆಯೊಳಗಿನ ಈ ಭಯದಿಂದ. ಪುರಂದರದಾಸರದೆಂದು ಪ್ರಸಿದ್ಧವಾಗಿರುವ ಕೀರ್ತನೆಯೊಂದರಲ್ಲಿ, ನಡೆದುದೆಲ್ಲವೂ ಒಳ್ಳೆಯದಕ್ಕೇ ಎಂಬ ಭಾವದೊಡನೆ, ತನ್ನನ್ನು ಈ ದಾರಿಗೆ ತಂದ ಹೆಂಡತಿಯನ್ನು ಹರಸುವ ಮಾತು ಬರುತ್ತದೆ. ಪರಂಪರೆಯು ಆ ಕೀರ್ತನೆಯನ್ನು ಈ ಘಟನೆಯ ಸಾಕ್ಷ್ಯವೆಂದು ಭಾವಿಸುತ್ತದೆ. ಹೆಂಡತಿಯನ್ನು ಗುರುವಿನ ಸ್ಥಾನದಲ್ಲಿಟ್ಟು ಹಾಡಿದ ರಚನೆಗಳು ಭಕ್ತಿಸಾಹಿತ್ಯದಲ್ಲಿ ವಿರಳ.

ಚಾರಿತ್ರಿಕ ಆಧಾರ

ಪುರಂದರದಾಸರು ಚಾರಿತ್ರಿಕ ವ್ಯಕ್ತಿಯೆಂಬುದರಲ್ಲಿ ಸಂದೇಹವಿಲ್ಲ. ಮೂಗುತಿಯ ಘಟನೆಗೆ ಮಾತ್ರ ದಾಸಪರಂಪರೆಯ ಹೇಳಿಕೆಗಳಲ್ಲದೆ ಸಮಕಾಲೀನ ದಾಖಲೆಯ ಬೆಂಬಲವಿಲ್ಲ. ಪುರಂದರದಾಸರನ್ನು ಸ್ವಪ್ನಗುರುವೆಂದು ಭಾವಿಸಿದ್ದ ಹದಿನೆಂಟನೆಯ ಶತಮಾನದ ವಿಜಯದಾಸರು ತಮ್ಮ ಪದಗಳಲ್ಲಿ ಅವರ ಮಹಿಮೆಯನ್ನು ವಿಸ್ತಾರವಾಗಿ ಹೇಳಿದ್ದಾರೆ. ಪುರಂದರದಾಸರ ರಚನೆಗಳ ಸಂಖ್ಯೆ ೪,೭೫,೦೦೦ ಎಂಬ ಪ್ರಸಿದ್ಧ ಎಣಿಕೆಗೂ ಅವರ ಪದವೇ ಆಧಾರ. ಅಂದರೆ ಪ್ರಮುಖ ಆಕರಗಳಿಗೂ ಪುರಂದರದಾಸರ ಕಾಲಕ್ಕೂ ಸುಮಾರು ಎರಡು ಶತಮಾನಗಳ ಅಂತರವಿದೆ.

ಶಾಸನಾಧಾರವೊಂದು ಗಮನಾರ್ಹವಾಗಿದೆ. ಕೃಷ್ಣದೇವರಾಯನು ವ್ಯಾಸತೀರ್ಥರಿಗೆ ಬೆಟ್ಟಕೊಂಡ ಗ್ರಾಮವನ್ನು ದತ್ತಿಯಾಗಿ ಕೊಟ್ಟುದನ್ನು ತಿಳಿಸುವ ಕ್ರಿ.ಶ. ೧೫೨೬ರ ಕಮಲಾಪುರ ತಾಮ್ರಶಾಸನದಲ್ಲಿ, ಆ ಗ್ರಾಮದಲ್ಲಿ ವೃತ್ತಿಗಳನ್ನು ಪಡೆದವರ ಪೈಕಿ ಪುರಂದರದಾಸರ ಮಕ್ಕಳ ಹೆಸರುಗಳಿವೆ. ದಾಸದೀಕ್ಷೆಯಾದುದು ಸುಮಾರು ೧೫೨೫ರಲ್ಲಿ, ಅವರ ನಲವತ್ತನೆಯ ವಯಸ್ಸಿನ ಆಸುಪಾಸಿನಲ್ಲಿ ಎಂಬ ಸಾಂಪ್ರದಾಯಿಕ ನಂಬಿಕೆಗೆ ಈ ಕಾಲ ಹೊಂದುತ್ತದೆ. ಸರ್ವಸ್ವವನ್ನೂ ತೊರೆದವರ ಮಕ್ಕಳಿಗೆ ಭೂಮಿಯ ಪಾಲು ಸಿಕ್ಕಿತೆಂಬ ಸಂಗತಿಯನ್ನು ಹರಿಕಥೆಗಳು ಹೇಳುವುದಿಲ್ಲ. ಆದರೆ ಸಂಸಾರವಂದಿಗನಾಗಿಯೇ ಉಳಿದು ಮಧುಕರ ವೃತ್ತಿಯಿಂದ ಜೀವಿಸಿದ ದಾಸರ ಕುಟುಂಬವು ಗುರುಮಠದ ಆಶ್ರಯದಲ್ಲಿತ್ತೆಂಬುದಕ್ಕೆ ಇದು ನಂಬತಕ್ಕ ಸೂಚನೆ.

ನಾಯಕನ ಊರು ಯಾವುದೆಂಬ ವಿಷಯದಲ್ಲಿಯೂ ಭಿನ್ನಾಭಿಪ್ರಾಯಗಳಿವೆ. ಅಂಕಿತವನ್ನು ಆಧರಿಸಿ ಪುಣೆಯ ಬಳಿಯ ಪುರಂದರಗಡವೆಂದು ಬಹುಕಾಲದಿಂದ ಹೇಳುತ್ತ ಬರಲಾಗಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗವೆಂಬ ವಾದವು ಇತ್ತೀಚೆಗೆ ಬಲಗೊಂಡಿದ್ದು, ಈ ವಿಷಯವನ್ನು ಪರಿಶೀಲಿಸಿದ ತಜ್ಞರ ಸಮಿತಿಯೂ ಮಲೆನಾಡಿನ ಪಕ್ಷಕ್ಕೆ ಒಲವು ತೋರಿದೆ. ಅಚ್ಚಗನ್ನಡದ ನುಡಿಗಟ್ಟುಗಳಿಂದ ತುಂಬಿರುವ ಕೀರ್ತನೆಗಳನ್ನು ನೋಡಿದರೆ ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಕೋಲಾರ ಜಿಲ್ಲೆ ಮತ್ತು ದಾಸಪರಂಪರೆ

ನಾಯಕನಿಗೆ ದೀಕ್ಷೆ ಕೊಟ್ಟ ವ್ಯಾಸತೀರ್ಥರು ಶಾಸ್ತ್ರಾಧ್ಯಯನ ಮಾಡಿದುದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ, ಶ್ರೀಪಾದರಾಜರ ಬಳಿ. ಲಕ್ಷ್ಮೀನಾರಾಯಣ ತೀರ್ಥರೆಂಬ ಆಶ್ರಮನಾಮದ ಶ್ರೀಪಾದರಾಜರು ಹದಿನೈದನೆಯ ಶತಮಾನದವರು. ಚನ್ನಪಟ್ಟಣದ ಬಳಿಯ ಅಬ್ಬೂರು ಅವರ ಜನ್ಮಸ್ಥಳ, 'ರಂಗವಿಠಲ' ಅವರ ಅಂಕಿತ. ಪಂಡಿತ ವರ್ಗವು ಸಂಸ್ಕೃತವನ್ನಷ್ಟೇ ಮಾನ್ಯಮಾಡುತ್ತಿದ್ದ ಕಾಲದಲ್ಲಿ ಮಠಾಧಿಪತಿಯಾಗಿದ್ದುಕೊಂಡು ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿ, ಪೂಜಾಕಾಲದಲ್ಲಿ ಹಾಡಿಸಿದುದರಿಂದ ಅವರನ್ನು ದಾಸಸಾಹಿತ್ಯದ ಪಿತಾಮಹರೆಂದು ಗೌರವಿಸಲಾಗುತ್ತದೆ. ಮುಳಬಾಗಿಲಿನ ಹೊರವಲಯದ ನರಸಿಂಹತೀರ್ಥದಲ್ಲಿ ಅವರ ಬೃಂದಾವನವಿದೆ.

ಹೀಗೆ ಪುರಂದರದಾಸರ ಗುರುವಿನ ಗುರು ಮುಳಬಾಗಿಲಿನವರು. ಮುಳಬಾಗಿಲಿಗೆ ನೆರೆಯದಾಗಿ ಬಂಗಾರಪೇಟೆಯೂ, ಹಿಂದೆ ಬಂಗಾರಪೇಟೆ ತಾಲ್ಲೂಕಿಗೇ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕೋಲಾರ ಚಿನ್ನದ ಗಣಿ ಪ್ರದೇಶವೂ ಇವೆ. ಚಿನ್ನವನ್ನು ತೊರೆದವನ ಕಥೆಯ ಗುರುಪರಂಪರೆ ಚಿನ್ನದ ನಾಡಿನಲ್ಲಿ ಬೇರೂರಿದೆ ಎಂಬುದು ಕಾಕತಾಳೀಯವಷ್ಟೇ. ಶ್ರೀಪಾದರಾಜರ ಕಾಲಕ್ಕೂ ಕೆಜಿಎಫ್‌ನ ಆಧುನಿಕ ಗಣಿಗಾರಿಕೆಗೂ ನಾಲ್ಕು ಶತಮಾನಗಳ ಅಂತರವಿದೆ.

ಆರಾಧನೆ ಮತ್ತು ಹರಿಕಥೆ

ಪುರಂದರದಾಸರು ಹಂಪಿಯಲ್ಲಿ ದೇಹತ್ಯಾಗ ಮಾಡಿದ ತಿಥಿಯೆಂದು ಪುಷ್ಯ ಬಹುಳ ಅಮಾವಾಸ್ಯೆಯನ್ನು ಆಚರಿಸಲಾಗುತ್ತದೆ. ಇದು ಸಾಮಾನ್ಯವಾಗಿ ಜನವರಿಯ ಮಧ್ಯಭಾಗದಿಂದ ಫೆಬ್ರವರಿಯ ಮಧ್ಯಭಾಗದೊಳಗೆ ಬರುತ್ತದೆ. ಹಂಪಿಯ ವಿಠಲ ದೇವಾಲಯದ ಸಮೀಪ, ತುಂಗಭದ್ರೆಯ ದಡದಲ್ಲಿರುವ ಪುರಂದರ ಮಂಟಪದಲ್ಲಿ ಆರಾಧನೆ ನಡೆಯುತ್ತದೆ. ತಿರುಮಲ ತಿರುಪತಿ ದೇವಸ್ಥಾನದ ದಾಸಸಾಹಿತ್ಯ ಯೋಜನೆಯೂ ಅದನ್ನು ಆಚರಿಸುತ್ತದೆ. ಊರೂರಿನ ಭಜನಾ ಮಂಡಳಿಗಳಲ್ಲಿ ಅಂದು ನಗರಸಂಕೀರ್ತನೆ, ಗೋಷ್ಠಿಗಾಯನ ಹಾಗೂ ಹರಿಕಥೆಗಳು ಏರ್ಪಡುತ್ತವೆ.

ಹರಿಕಥೆಯೇ ಈ ಐತಿಹ್ಯದ ಸಹಜವಾದ ಮನೆ. ಚಿಟಿಕೆ ಹಿಡಿದ ಕಥಾಕಾರನು ಒಬ್ಬನೇ ನಾಯಕನೂ ಬ್ರಾಹ್ಮಣನೂ ಸರಸ್ವತೀಬಾಯಿಯೂ ಆಗಬೇಕಾಗುತ್ತದೆ. ಅಂಗಡಿಯ ಭಾಗವನ್ನು ಹಾಸ್ಯಕ್ಕೆ ಬಳಸಿಕೊಳ್ಳುವುದು ವಾಡಿಕೆ. ನಾಯಕನು ದಿನಕ್ಕೊಂದು ಹೊಸ ನೆಪ ಹೇಳುತ್ತಾನೆ. ಆ ನೆಪಗಳಲ್ಲಿ ಊರಿನ ಸಮಕಾಲೀನ ಜಿಪುಣರ ಛಾಯೆ ಕಾಣಿಸಿದರೆ ಸಭೆ ನಗುತ್ತದೆ. ವಿಷದ ಬಟ್ಟಲು ಬಂದೊಡನೆ ಲಯ ನಿಧಾನವಾಗಿ ಕರುಣರಸಕ್ಕೆ ತಿರುಗುತ್ತದೆ. ಪರಿವರ್ತನೆಯ ಬಳಿಕ ಕಥೆಗಿಂತ ಹಾಡುಗಳೇ ಹೆಚ್ಚು. ಏಕೆಂದರೆ ಅಲ್ಲಿಂದ ಮುಂದೆ ಹೇಳಬೇಕಾದುದನ್ನು ದಾಸರೇ ಹಾಡಿದ್ದಾರೆ. ಕಲ್ಲುಸಕ್ಕರೆ ಮಾರುವವನ ಕೂಗಿನ ಧಾಟಿಯ ಕೀರ್ತನೆಯಂತಹ, ಪೇಟೆಬೀದಿಯ ಭಾಷೆಯನ್ನು ಭಕ್ತಿಗೆ ತಿರುಗಿಸಿದ ರಚನೆಗಳನ್ನು ಹಳೆಯ ವರ್ತಕನ ನೆನಪಿನೊಡನೆ ಜೋಡಿಸಿ ಹೇಳುವುದೂ ಉಂಟು. ಐಶ್ವರ್ಯವನ್ನು ಒದ್ದು ಬಂದವರ ಕೀರ್ತನೆಗಳಲ್ಲಿ ಮನೆಮನೆಯಲ್ಲೂ ಹೆಚ್ಚು ಹಾಡಲ್ಪಡುವುದು ಲಕ್ಷ್ಮಿಯನ್ನು ಮನೆಗೆ ಕರೆಯುವ ಹಾಡು ಎಂಬುದು ಒಂದು ವಿನೋದ.

ಚಲನಚಿತ್ರಗಳು

ಕನ್ನಡ ವಾಕ್ಚಿತ್ರಗಳು ಆರಂಭವಾದುದು ೧೯೩೪ರಲ್ಲಿ. ಅದಾದ ಮೂರೇ ವರ್ಷಕ್ಕೆ, ೧೯೩೭ರಲ್ಲಿ, 'ಪುರಂದರದಾಸ' ಚಿತ್ರ ತೆರೆಗೆ ಬಂದಿತು. ಸಂಗೀತ, ಭಕ್ತಿ, ಪವಾಡ ಮೂರೂ ಇದ್ದ ಕಥಾವಸ್ತುವನ್ನು ಆ ಕಾಲದ ನಿರ್ಮಾಪಕರು ಬಿಡುವಂತಿರಲಿಲ್ಲ.

೧೯೬೪ರಲ್ಲಿ ಪುರಂದರದಾಸರ ನಾಲ್ಕುನೂರನೆಯ ಪುಣ್ಯತಿಥಿಯ ವರ್ಷಾಚರಣೆ ನಡೆದು, ಭಾರತೀಯ ಅಂಚೆ ಇಲಾಖೆಯು ಜನವರಿ ೧೪ರಂದು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಅದೇ ವರ್ಷ ಎಸ್. ಕೆ. ಅನಂತಾಚಾರಿ ನಿರ್ದೇಶನದ 'ನವಕೋಟಿ ನಾರಾಯಣ' ಬಿಡುಗಡೆಯಾಯಿತು. ನಾಯಕನ ಪಾತ್ರದಲ್ಲಿ ರಾಜ್‌ಕುಮಾರ್ ಅಭಿನಯಿಸಿದರು. ಚಿತ್ರದ ಶೀರ್ಷಿಕೆಯು ದಾಸನ ಹೆಸರನ್ನಲ್ಲ, ಶ್ರೀಮಂತನ ಬಿರುದನ್ನು ಆರಿಸಿಕೊಂಡಿರುವುದು ಗಮನಿಸತಕ್ಕದ್ದು.

ಸ್ಕ್ರೂಜನ ಕಥೆಯೊಡನೆ ಹೋಲಿಕೆ

ಜಿಪುಣನ ಪರಿವರ್ತನೆಯ ಕಥೆಗಳಲ್ಲಿ ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದುದು ೧೮೪೩ರ ಡಿಸೆಂಬರ್ ೧೯ರಂದು ಲಂಡನ್ನಿನಲ್ಲಿ ಪ್ರಕಟವಾದ 'ಎ ಕ್ರಿಸ್‌ಮಸ್ ಕ್ಯಾರಲ್'. ಅದರ ನಾಯಕ ಎಬನೀಜರ್ ಸ್ಕ್ರೂಜ್ ಕೂಡ ಲೇವಾದೇವಿಗಾರ. ಕ್ರಿಸ್‌ಮಸ್ ಹಿಂದಿನ ರಾತ್ರಿ ಸತ್ತ ಪಾಲುದಾರನ ಪ್ರೇತವೂ, ಅನಂತರ ಭೂತ, ವರ್ತಮಾನ, ಭವಿಷ್ಯತ್ತುಗಳನ್ನು ತೋರಿಸುವ ಮೂರು ಚೇತನಗಳೂ ಅವನ ಬಳಿಗೆ ಬರುತ್ತವೆ. ಅಳುವವರಿಲ್ಲದ ತನ್ನ ಸಾವನ್ನು ಕಂಡು ಅವನು ಬದಲಾಗುತ್ತಾನೆ.

ಸ್ಕ್ರೂಜನು ಬದಲಾದ ಮೇಲೆ ಅಂಗಡಿ ಮುಚ್ಚುವುದಿಲ್ಲ. ಗುಮಾಸ್ತನ ಸಂಬಳ ಹೆಚ್ಚಿಸುತ್ತಾನೆ, ಅವನ ಮನೆಗೆ ಹಬ್ಬದೂಟಕ್ಕೆ ಕೋಳಿ ಕಳುಹಿಸುತ್ತಾನೆ, ಬಡವರಿಗೆ ಕೊಡುತ್ತಾನೆ. ಹಣ ಅವನ ಬಳಿಯಲ್ಲೇ ಉಳಿದು ಒಳ್ಳೆಯ ಕೆಲಸಕ್ಕೆ ಸಲ್ಲುತ್ತದೆ. ಶ್ರೀನಿವಾಸ ನಾಯಕನಾದರೋ ಹಣವನ್ನೇ ಬಿಟ್ಟು ಭಿಕ್ಷಾಪಾತ್ರೆ ಹಿಡಿಯುತ್ತಾನೆ. ನಿನ್ನೆಯವರೆಗೆ ಬೇಡುವವನನ್ನು ಅಟ್ಟಿದವನು ಇಂದು ತಾನೇ ಬೇಡುವವನಾಗುತ್ತಾನೆ. ಸ್ಕ್ರೂಜನಿಗೆ ಮನೆಯಿಲ್ಲ, ಹೆಂಡತಿಯಿಲ್ಲ. ಅವನನ್ನು ತಿದ್ದಲು ಪ್ರೇತಗಳೇ ಬರಬೇಕು. ನಾಯಕನನ್ನು ತಿದ್ದುವವಳು ಅವನ ಅಡುಗೆಮನೆಯಲ್ಲಿಯೇ ಇದ್ದಳು.

ಈ ವ್ಯತ್ಯಾಸವು ರೂಪಾಂತರಗಳ ದಾರಿಯನ್ನೂ ಬೇರೆಯಾಗಿಸಿದೆ. ನಾಯಕನ ಕಥೆ ಹಾಡನ್ನು ಬೇಡುತ್ತದೆ, ಸ್ಕ್ರೂಜನ ಕಥೆ ಚಿತ್ರವನ್ನು ಬೇಡುತ್ತದೆ. ಹಾರಾಟ, ಪ್ರೇತ, ಕಾಲಸಂಚಾರಗಳನ್ನು ಕುಂಚದಿಂದ ಸುಲಭವಾಗಿ ತೋರಿಸಬಹುದಾದುದರಿಂದ ಅನಿಮೇಷನ್ ಮಾಧ್ಯಮವು ಡಿಕನ್ಸನ ಕೃತಿಯನ್ನು ತನ್ನದಾಗಿಸಿಕೊಂಡಿತು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ೧೯೬೨ರ ಡಿಸೆಂಬರ್ ೧೮ರಂದು ಪ್ರಸಾರವಾದ 'ಮಿಸ್ಟರ್ ಮಗೂಸ್ ಕ್ರಿಸ್‌ಮಸ್ ಕ್ಯಾರಲ್', ದೂರದರ್ಶನಕ್ಕಾಗಿಯೇ ತಯಾರಾದ ಮೊದಲ ಅನಿಮೇಷನ್ ಕ್ರಿಸ್‌ಮಸ್ ವಿಶೇಷ ಕಾರ್ಯಕ್ರಮವೆಂದು ಗಣಿತವಾಗಿದೆ. ಇದರಲ್ಲಿ ಮಂದದೃಷ್ಟಿಯ ಮಗೂ ಸ್ಕ್ರೂಜನ ವೇಷ ಹಾಕುವ ನಟನಾಗಿದ್ದಾನೆ. ವರ್ತಮಾನದ ಚೇತನವು ಭೂತಕಾಲದ ಚೇತನಕ್ಕಿಂತ ಮೊದಲೇ ಬರುವುದು ಇದರ ವೈಚಿತ್ರ್ಯ.

ಡಿಸ್ನಿ ಸಂಸ್ಥೆಯು ೧೯೮೩ರಲ್ಲಿ ಹೊರತಂದ ೨೬ ನಿಮಿಷಗಳ 'ಮಿಕೀಸ್ ಕ್ರಿಸ್‌ಮಸ್ ಕ್ಯಾರಲ್' ಚಿತ್ರದಲ್ಲಿ ಸ್ಕ್ರೂಜ್ ಮೆಕ್‌ಡಕ್ ಎಂಬ ಬಾತುಕೋಳಿಯು ಸ್ಕ್ರೂಜನಾಗಿಯೂ ಮಿಕಿ ಮೌಸ್ ಗುಮಾಸ್ತನಾಗಿಯೂ ಕಾಣಿಸಿಕೊಂಡಿತು. ಕಾರ್ಲ್ ಬಾರ್ಕ್ಸ್ ೧೯೪೭ರಲ್ಲಿ ಸೃಷ್ಟಿಸಿದ ಈ ಬಾತುಕೋಳಿಯ ಹೆಸರೇ ಡಿಕನ್ಸನ ಪಾತ್ರದಿಂದ ಬಂದುದು. ರಾಬರ್ಟ್ ಜೆಮೆಕಿಸ್ ೨೦೦೯ರಲ್ಲಿ ನಟರ ಚಲನೆಯನ್ನು ಗಣಕಯಂತ್ರದಲ್ಲಿ ಸೆರೆಹಿಡಿಯುವ ತಂತ್ರದಿಂದ ನಿರ್ಮಿಸಿದ ಚಿತ್ರದಲ್ಲಿ ಜಿಮ್ ಕ್ಯಾರಿ ಸ್ಕ್ರೂಜನಾಗಿಯೂ ಮೂರು ಚೇತನಗಳಾಗಿಯೂ ನಟಿಸಿದರು. ೨೦೨೨ರಲ್ಲಿ ನೆಟ್‌ಫ್ಲಿಕ್ಸ್ 'ಸ್ಕ್ರೂಜ್: ಎ ಕ್ರಿಸ್‌ಮಸ್ ಕ್ಯಾರಲ್' ಎಂಬ ಗೀತಪ್ರಧಾನ ರೂಪಾಂತರವನ್ನು ಪ್ರಸಾರ ಮಾಡಿತು.

ಇವೆಲ್ಲಕ್ಕಿಂತ ಮೂಲಕ್ಕೆ ನಿಷ್ಠವಾದುದು ರಿಚರ್ಡ್ ವಿಲಿಯಮ್ಸ್ ನಿರ್ದೇಶಿಸಿದ ೧೯೭೧ರ ಕಿರುಚಿತ್ರ. ಹತ್ತೊಂಬತ್ತನೆಯ ಶತಮಾನದ ಮುದ್ರಣಚಿತ್ರಗಳ ಶೈಲಿಯಲ್ಲಿ ರಚಿತವಾದ ಇದಕ್ಕೆ, ೧೯೫೧ರ ಚಲನಚಿತ್ರದಲ್ಲಿ ಸ್ಕ್ರೂಜನಾಗಿದ್ದ ಆಲಸ್ಟೇರ್ ಸಿಮ್ ಮತ್ತೆ ಕಂಠದಾನ ಮಾಡಿದರು. ದೂರದರ್ಶನದಲ್ಲಿ ಮೊದಲು ಪ್ರಸಾರವಾಗಿ, ಅನಂತರ ಚಿತ್ರಮಂದಿರಗಳಲ್ಲಿಯೂ ಪ್ರದರ್ಶಿತವಾದ ಈ ಚಿತ್ರಕ್ಕೆ ಅತ್ಯುತ್ತಮ ಅನಿಮೇಷನ್ ಕಿರುಚಿತ್ರದ ಆಸ್ಕರ್ ಪ್ರಶಸ್ತಿ ದೊರೆಯಿತು. ದೂರದರ್ಶನದ ಕೃತಿಗೆ ಪ್ರಶಸ್ತಿ ಸಂದುದಕ್ಕೆ ಆಕ್ಷೇಪಗಳು ಬಂದುದರಿಂದ ಅಕಾಡೆಮಿಯು ತನ್ನ ನಿಯಮವನ್ನೇ ಬದಲಾಯಿಸಿತು.

ಗಣಿಗಾರರ ದೃಶ್ಯ

ವಿಲಿಯಮ್ಸ್ ಉಳಿಸಿಕೊಂಡು ಇತರ ಹಲವರು ಕೈಬಿಟ್ಟಿರುವ ಭಾಗವೊಂದು ಡಿಕನ್ಸನ ಕೃತಿಯ ಮೂರನೆಯ ಅಧ್ಯಾಯದಲ್ಲಿದೆ. ವರ್ತಮಾನದ ಚೇತನವು ಸ್ಕ್ರೂಜನನ್ನು ನಗರದಿಂದ ಬಹುದೂರದ ಬರಡು ಬಯಲಿಗೆ ಒಯ್ದು, ನೆಲದಾಳದಲ್ಲಿ ದುಡಿಯುವ ಗಣಿಗಾರರ ಗುಡಿಸಲೊಂದನ್ನು ತೋರಿಸುತ್ತದೆ. ಅಲ್ಲಿ ಮೂರು ನಾಲ್ಕು ತಲೆಮಾರಿನವರು ಬೆಂಕಿಯ ಸುತ್ತ ಕುಳಿತು ಹಬ್ಬದ ಹಾಡು ಹಾಡುತ್ತಿರುತ್ತಾರೆ. ಕಥೆಯ ಓಟಕ್ಕೆ ಇದರ ಅಗತ್ಯವಿಲ್ಲದ ಕಾರಣ ರೂಪಾಂತರಕಾರರು ಇದನ್ನು ಮೊದಲು ಕತ್ತರಿಸುತ್ತಾರೆ. ಆದರೆ ಸ್ಕ್ರೂಜನಂಥವರ ಪೆಟ್ಟಿಗೆ ಸೇರುವ ಸಂಪತ್ತು ಎಲ್ಲಿಂದ ಬರುತ್ತದೆಂಬುದನ್ನು ಸೂಚಿಸುವ ಸ್ಥಳ ಇದು. ಕೃತಿ ಪ್ರಕಟವಾಗುವ ಹಿಂದಿನ ವರ್ಷ, ೧೮೪೨ರಲ್ಲಿ, ಡಿಕನ್ಸ್ ಇಂಗ್ಲೆಂಡಿನ ನೈರುತ್ಯ ತುದಿಯ ಗಣಿನಾಡಾದ ಕಾರ್ನ್‌ವಾಲ್‌ನಲ್ಲಿ ಸಂಚರಿಸಿದ್ದನು. ಆ ದೃಶ್ಯದ ಹಿನ್ನೆಲೆಯಲ್ಲಿ ಈ ಪ್ರವಾಸದ ನೆನಪನ್ನು ಕಾಣಬಹುದು.

ಕಾರ್ನ್‌ವಾಲ್‌ನ ಗಣಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಷೀಣಿಸಿದಾಗ ಅಲ್ಲಿನ ನುರಿತ ಕೆಲಸಗಾರರು ಜಗತ್ತಿನ ಹಲವೆಡೆಗೆ ಚದುರಿದರು. ೧೮೮೦ರ ದಶಕದಿಂದ ಜಾನ್ ಟೇಲರ್ ಆ್ಯಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಕೋಲಾರ ಚಿನ್ನದ ಗಣಿಗಳಿಗೆ ಬಂದವರೂ ಅವರಲ್ಲಿದ್ದರು. ಬೌರಿಂಗ್‌ಪೇಟೆಯೆಂದು ಆಗ ಹೆಸರಾಗಿದ್ದ ಬಂಗಾರಪೇಟೆಯಲ್ಲಿ ರೈಲು ಬದಲಿಸಿ, ೧೮೯೪ರಲ್ಲಿ ಮಾರಿಕುಪ್ಪದವರೆಗೆ ತೆರೆದ ಕವಲುದಾರಿಯ ಮೂಲಕ ಗಣಿಗೆ ತಲುಪಬೇಕಿತ್ತು. ಬಂಗಲೆ, ಕ್ಲಬ್ಬು, ಚರ್ಚುಗಳಿಂದ ಕೂಡಿದ್ದ ಅವರ ವಸತಿ ಪ್ರದೇಶವು 'ಪುಟ್ಟ ಇಂಗ್ಲೆಂಡ್' ಎಂದು ಹೆಸರಾಯಿತು. ನೆಲದಾಳದಲ್ಲಿ ಹೆಚ್ಚಿನ ದುಡಿಮೆ ಮಾಡಿದವರು ತಮಿಳು, ತೆಲುಗು ಮತ್ತು ಕನ್ನಡ ಮಾತನಾಡುವ ಕಾರ್ಮಿಕರು. ಅವರು ವಾಸಿಸಿದುದು ಗಣಿಯ ಸುತ್ತಲಿನ ಲೈನು ಮನೆಗಳಲ್ಲಿ. ಅವರಲ್ಲಿ ಕ್ರೈಸ್ತರೂ ಗಣನೀಯ ಸಂಖ್ಯೆಯಲ್ಲಿದ್ದುದರಿಂದ ಕ್ರಿಸ್‌ಮಸ್ ಬಂಗಲೆಗಳ ಹಬ್ಬವಾಗಿ ಮಾತ್ರ ಉಳಿಯದೆ ಲೈನುಗಳ ಹಬ್ಬವೂ ಆಯಿತು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಅಧೀನದಲ್ಲಿದ್ದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು.